ಸ್ಟೀಲ್ ಚರೆಗೆ ಯಾವ ಚೋಕ್? ಕಾಗದವನ್ನೇ ಕೇಳಿ

ಹೋದ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಆರೂವರೆಗೆ ಅಕ್ಕನ ಮಗ ಅಮೆರಿಕದ ಮಿನೆಸೋಟಾದಿಂದ ವಿಡಿಯೊ ಕಾಲ್ ಮಾಡಿದ. ಅಲ್ಲಿ ಬೆಳಿಗ್ಗೆ ಎಂಟು ಗಂಟೆ. ಗೋಕಾಕ ತಾಲ್ಲೂಕಿನ ಹುಡುಗ, ಈಗ ಅಲ್ಲಿ ಕೆಲಸ. ಆಫೀಸಿನ ಗೆಳೆಯರ ಜೊತೆ ಮೊದಲ ಸಲ ಬಾತುಕೋಳಿ ಶಿಕಾರಿಗೆ ಹೊರಟಿದ್ದ. ಲೈಸೆನ್ಸ್ ಎಲ್ಲ ಆಗಿತ್ತು. ಮೇಜಿನ ಮೇಲೆ ಹೊಸ 12 ಬೋರ್ ಬಂದೂಕು, ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಚೋಕ್‌ಗಳು, ಅಂದರೆ ನಳಿಗೆಯ ಬಾಯಿ ಇಕ್ಕಟ್ಟು ಮಾಡಲು ತಿರುಗಿಸಿ ಹಾಕುವ ಸಣ್ಣ ಕೊಳವೆಗಳು.

"ಮಾಮಾ, ಇದರಾಗ ಐದು ಚೋಕ್ ಅದಾವ. ಸ್ಟೀಲ್ ಕಾಡತೂಸಿಗೆ ಯಾವುದು ಹಾಕ್ಲಿ?"

"ಫುಲ್ ತೆಗೆದು ಡಬ್ಬಿಯೊಳಗ ಇಡು. ಮಾಡಿಫೈಡ್ ಹಾಕು, ಇಂಪ್ರೂವ್ಡ್ ಸಿಲಿಂಡರ್ ಜೋಡಿಗೆ ಇಟ್ಕೋ. ಮೊದಲು ಕಾಗದಕ್ಕ ಹೊಡಿ. ಫೋಟೊ ಕಳಿಸು. ಆಮೇಲೆ ಮಾತಾಡೋಣ" ಅಂದೆ.

ಫುಲ್, ಮಾಡಿಫೈಡ್ ಇವೆಲ್ಲ ಚೋಕ್ ಎಷ್ಟು ಇಕ್ಕಟ್ಟು ಅನ್ನುವುದರ ಹೆಸರು. ಅವನಿಗೆ ಸಮಾಧಾನ ಆಗಲಿಲ್ಲ. ಯಾಕೆ ಅಂತ ಕೇಳುತ್ತಲೇ ಹೋದ. ಅವತ್ತು ಫೋನಿನಲ್ಲಿ ಹೇಳಿದ್ದನ್ನು, ಆಮೇಲೆ ಇಬ್ಬರೂ ಸೇರಿ ಕಂಡುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹೊರದೇಶಕ್ಕೆ ಹೋಗಿ ಈ ಹವ್ಯಾಸ ಹಿಡಿದವರು ಈಗ ಕಡಿಮೆ ಇಲ್ಲ. ಇಲ್ಲೇ ಇದ್ದು ಅಜ್ಜನ ಕಾಲದ ಜೋಡುನಳಿಗೆ ಬಂದೂಕಿನಲ್ಲಿ ಟ್ರ್ಯಾಪ್, ಸ್ಕೀಟ್ (ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ ಆಟಗಳು) ಕಲಿಯುವ ಆಸೆ ಇರುವವರಿಗೂ ಅರ್ಧಕ್ಕಿಂತ ಜಾಸ್ತಿ ಭಾಗ ಉಪಯೋಗಕ್ಕೆ ಬರುತ್ತದೆ.

ಕಾಡತೂಸಿನೊಳಗಿನ ಸಣ್ಣ ಗುಂಡುಗಳಿಗೆ ಮಲೆನಾಡಿನವರು ಚರೆ ಅಂತಾರೆ, ನಮ್ಮ ಕಡೆ ಛರ್ರಾ ಅನ್ನುವವರೂ ಇದ್ದಾರೆ. ನಾನು ಚರೆ ಅಂತಲೇ ಬರೆಯುತ್ತೇನೆ.

ಮೊದಲು ಕಾನೂನು

ಇದನ್ನು ಮೊದಲೇ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ದೇಶದಲ್ಲಿ ಕಾಡುಹಕ್ಕಿಗಳ ಶಿಕಾರಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೌಜಲಕ್ಕಿಗೂ ಇದೆ, ಲಾವಕ್ಕಿಗೂ ಇದೆ, ಕೆರೆಯ ಬಾತಿಗೂ ಇದೆ. ಕೊಂದರೆ ಮಾತ್ರ ಅಲ್ಲ, ಕೊಲ್ಲಲು ಪ್ರಯತ್ನ ಮಾಡಿದರೂ, ಗೂಡು ಮೊಟ್ಟೆ ಹಾಳು ಮಾಡಿದರೂ ಆ ಕಾಯ್ದೆಯ ಲೆಕ್ಕದಲ್ಲಿ ಅದು ಬೇಟೆಯೇ. ಬೆಳೆ ಕಾಯಲು ಕೊಟ್ಟ ಬಂದೂಕಿನ ಲೈಸೆನ್ಸ್ ಹಕ್ಕಿ ಹೊಡೆಯುವ ಪರವಾನಗಿ ಅಲ್ಲ.

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಹೋಗಿ ನೋಡಿ. ಬಾಗಲಕೋಟೆ ಕಡೆಯ ದಂಡೆಯಲ್ಲಿ ಫ್ಲೆಮಿಂಗೊ ನಿಂತಿರುತ್ತವೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಕಡಲೆ ಹೊಲದ ಪಕ್ಕ ಮೇಯುತ್ತಿರುತ್ತವೆ. ನಮ್ಮ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ ಇದೆ. ಅಲ್ಲಿಗೆ ದುರ್ಬೀನು ಹಿಡಿದು ಹೋಗಬೇಕು, ಅಷ್ಟೇ. ಇಲ್ಲಿ ನಾವು ಹೊಡೆಯುವ ಹಕ್ಕಿ ಮಣ್ಣಿನ ಹಕ್ಕಿ ಮಾತ್ರ, ಅಂದರೆ ಯಂತ್ರ ಹಾರಿಸುವ ಕ್ಲೇ ತಟ್ಟೆ.

ಅಮೆರಿಕದಲ್ಲಿ ಇರುವವರು ಇನ್ನೊಂದು ವಿಷಯ ನೋಡಬೇಕು. ಎಚ್‌-1ಬಿ, ಎಫ್‌-1 ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಅಲ್ಲಿನ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಶಿಕಾರಿ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗೆಳೆಯನ ಬಂದೂಕನ್ನು ಸುಮ್ನೆ ಒಂದು ಸಲ ಕೈಯಲ್ಲಿ ಹಿಡಿಯುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ. ವೀಸಾಕ್ಕೇ ಕುತ್ತು ಬರುವ ಮಾತಿದು. ಬಾತು ಹೊಡೆಯಲು ಮೇಲಿಂದ ಫೆಡರಲ್ ಡಕ್ ಸ್ಟ್ಯಾಂಪ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಬಾತು ಶಿಕಾರಿಯ ಪರವಾನಗಿ ಚೀಟಿ ಬೇಕು. ಬಂದೂಕಿನಲ್ಲಿ ಒಟ್ಟು ಮೂರು ಕಾಡತೂಸಿಗಿಂತ ಜಾಸ್ತಿ ಹಿಡಿಯದ ಹಾಗೆ ಒಳಗೆ ಪ್ಲಗ್ ಇರಬೇಕು.

ಸ್ಟೀಲ್ ಯಾಕೆ ಬಂತು

ಬಾತುಕೋಳಿಗೆ ಹಲ್ಲಿಲ್ಲ. ಕಾಳು ಅರೆಯಲು ಕೆರೆಯ ತಳದಿಂದ ಸಣ್ಣ ಹರಳು ನುಂಗುತ್ತದೆ. ಆ ಕೆಸರಿನಲ್ಲಿ ಹಳೇ ಶಿಕಾರಿಯ ಸೀಸದ ಚರೆ ಬಿದ್ದಿದ್ದರೆ ಅದನ್ನೂ ಹರಳು ಅಂತ ನುಂಗುತ್ತದೆ. ಹೊಟ್ಟೆಯ ಗಿರಣಿಯಲ್ಲಿ ಸೀಸ ಸವೆಯುತ್ತದೆ, ರಕ್ತಕ್ಕೆ ಇಳಿಯುತ್ತದೆ. ಹಕ್ಕಿ ದಿನದಿಂದ ದಿನಕ್ಕೆ ಸೊರಗಿ ಸಾಯುತ್ತದೆ. ಅದನ್ನು ತಿಂದ ಹದ್ದಿಗೂ ವಿಷ. ಈ ಕಾರಣಕ್ಕೆ ಅಮೆರಿಕ 1991ರಿಂದ ದೇಶದ ತುಂಬ ಬಾತು, ಹೆಬ್ಬಾತು ಶಿಕಾರಿಗೆ ಸೀಸದ ಚರೆ ನಿಲ್ಲಿಸಿತು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಶಿಕಾರಿಗೂ ನಿಲ್ಲಿಸಿತು. ಯುರೋಪ್ ಒಕ್ಕೂಟದಲ್ಲಿ ಕೆರೆ, ಜೌಗು ಪ್ರದೇಶಗಳಲ್ಲಿ ಸೀಸ ಹಾರಿಸುವುದು 2023ರ ಫೆಬ್ರುವರಿಯಿಂದ ಬಂದ್. ಅಮೆರಿಕದಲ್ಲಿ ಬಾತು ಶಿಕಾರಿಗೆ ಹೋದಾಗ ಜೇಬಿನಲ್ಲಿ ಸೀಸದ ಕಾಡತೂಸು ಸಿಕ್ಕರೂ ತಪ್ಪೇ. ಹೊರಡುವ ಮೊದಲು ಕೋಟಿನ ಜೇಬುಗಳನ್ನು ಒಂದು ಸಲ ಝಾಡಿಸಿ.

ಚೋಕ್ ಅಂದರೆ

ನಮ್ಮ ಕಡೆ ಕುರಿಗಾರರು ಹಿಂಡು ಹೊಡಕೊಂಡು ಹೋಗುವುದನ್ನು ನೋಡಿದ್ದೀರಲ್ವಾ? ಬಯಲಿನಲ್ಲಿ ಹಿಂಡು ಅಗಲವಾಗಿ ಹರಡಿರುತ್ತದೆ. ಹಳ್ಳದ ಸಣ್ಣ ಸೇತುವೆ ಬಂದಾಗ ಒತ್ತಿಕೊಂಡು ದಾಟುತ್ತವೆ. ದಾಟಿದ ಮೇಲೂ ಸ್ವಲ್ಪ ದೂರ ಒತ್ತಾಗಿಯೇ ಹೋಗಿ, ಆಮೇಲೆ ಮತ್ತೆ ಹರಡುತ್ತವೆ. ಸೇತುವೆ ಎಷ್ಟು ಇಕ್ಕಟ್ಟೋ ಹಿಂಡು ಅಷ್ಟು ದೂರದವರೆಗೆ ಒಟ್ಟಾಗಿರುತ್ತದೆ. ನಳಿಗೆಯ ತುದಿಯಲ್ಲಿರುವ ಚೋಕ್ ಆ ಸೇತುವೆ ಇದ್ದ ಹಾಗೆ.

ಇಕ್ಕಟ್ಟು ಅಂದರೆ ಎಷ್ಟು? ಕೂದಲೆಳೆಯ ಲೆಕ್ಕ. 12 ಬೋರ್ ನಳಿಗೆಯ ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್. ಸಿಲಿಂಡರ್ ಅಂದರೆ ಇಕ್ಕಟ್ಟೇ ಇಲ್ಲ. ಇಂಪ್ರೂವ್ಡ್ ಸಿಲಿಂಡರ್‌ನಲ್ಲಿ ಕಾಲು ಮಿಲಿಮೀಟರ್ ಕಡಿಮೆ. ಮಾಡಿಫೈಡ್‌ನಲ್ಲಿ ಅರ್ಧ. ಇಂಪ್ರೂವ್ಡ್ ಮಾಡಿಫೈಡ್‌ನಲ್ಲಿ ಮುಕ್ಕಾಲು. ಫುಲ್‌ನಲ್ಲಿ ಹತ್ತಿರ ಹತ್ತಿರ ಒಂದು ಮಿಲಿಮೀಟರ್. ಬ್ರಿಟಿಷರು ಇವನ್ನೇ ಕಾಲು ಚೋಕ್, ಅರ್ಧ ಚೋಕ್, ಮುಕ್ಕಾಲು ಚೋಕ್, ಪೂರ್ತಿ ಚೋಕ್ ಅನ್ನುತ್ತಿದ್ದರು. ನಮಗೆ ಆ ಲೆಕ್ಕವೇ ಸುಲಭ. ಹಾಗಾಗಿ ಮುಂದೆ ಅದನ್ನೇ ಬಳಸುತ್ತೇನೆ.

ಹಳೇ ಸೀಸದ ಲೆಕ್ಕ ಹೀಗಿದೆ. 40 ಗಜ, ಅಂದರೆ ಸುಮಾರು 36.5 ಮೀಟರ್ ದೂರದಲ್ಲಿ 30 ಇಂಚು ಅಗಲದ ಒಂದು ವೃತ್ತ. ಪೂರ್ತಿ ಚೋಕ್‌ನಿಂದ ಹೊರಟ ನೂರು ಚರೆಯಲ್ಲಿ 70 ಆ ವೃತ್ತದೊಳಗೆ ಬೀಳಬೇಕು. ಅರ್ಧ ಚೋಕ್‌ಗೆ 60, ಕಾಲು ಚೋಕ್‌ಗೆ 50, ಸಿಲಿಂಡರ್‌ಗೆ 40.

ಸ್ಟೀಲ್ ಬಂದ ಮೇಲೆ ಈ ಲೆಕ್ಕ ಕದಲಿತು. ಸೀಸ ಮೆತ್ತಗೆ. ಈಡು ಹಾರಿದ ಒತ್ತಡಕ್ಕೆ, ಚೋಕ್ ಹಿಂಡುವ ರಭಸಕ್ಕೆ ಒಂದಷ್ಟು ಚರೆ ಚಪ್ಪಟೆ ಆಗುತ್ತವೆ. ಸೊಟ್ಟಗಾದ ಗೋಲಿ ನೆಟ್ಟಗೆ ಉರುಳುವುದಿಲ್ಲ. ಹಾಗೆಯೇ ಚಪ್ಪಟೆ ಚರೆಯೂ ದಾರಿ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಸ್ಟೀಲ್ ಚರೆ ಹೇಗೆ ಹೊರಟಿತೋ ಹಾಗೇ ಗುಂಡಗೆ ಉಳಿಯುತ್ತದೆ. ಗುಂಪು ತಾನಾಗಿಯೇ ಬಿಗಿ. ಸ್ಟೀಲ್ ಹಾಕಿದರೆ ಅರ್ಧ ಚೋಕ್ ಸುಮಾರಾಗಿ ಸೀಸದ ಪೂರ್ತಿ ಚೋಕ್‌ನ ಕೆಲಸ ಮಾಡುತ್ತದೆ. ಅಕ್ಕನ ಮಗನಿಗೆ ಫುಲ್ ತೆಗೆದಿಡು ಅಂದಿದ್ದು ಇದಕ್ಕೇ.

ಇನ್ನೊಂದು ಕಾರಣ ಬಂದೂಕಿನ ಆಯುಸ್ಸು. ಮೆತ್ತಗಿನ ಸೀಸ ಇಕ್ಕಟ್ಟಿನಲ್ಲಿ ಬಗ್ಗಿ ಜಾಗ ಮಾಡಿಕೊಳ್ಳುತ್ತದೆ. ಸ್ಟೀಲ್ ಬಗ್ಗುವುದಿಲ್ಲ. ದಪ್ಪ ಸ್ಟೀಲ್ ಚರೆ ಬಿಗಿ ಚೋಕ್‌ನಲ್ಲಿ ನುಗ್ಗಿದರೆ ನಳಿಗೆಯೇ ಉಬ್ಬಬೇಕು. ತುದಿಯ ಹತ್ತಿರ ಬಳೆಯ ಹಾಗೆ ಉಬ್ಬು ಬಂದರೆ ಆ ನಳಿಗೆ ಹಾಳಾದ ಹಾಗೆ.

ನಿಮ್ಮದು ಯಾವ ಚೋಕ್ ಅಂತ ತಿಳಿಯುವುದು

ಬಂದೂಕು ಬಿಚ್ಚಿ, ಒಳಗೆ ಕಾಡತೂಸು ಇಲ್ಲ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಆಮೇಲೆ ಮುಂದಿನ ಮಾತು.

ಹೊಸ ಬಂದೂಕಾದರೆ ತಿರುಗಿಸಿ ತೆಗೆಯುವ ಚೋಕ್ ಇರುತ್ತದೆ. ಅದರ ಅಂಚಿನಲ್ಲಿ ಸಣ್ಣ ಕಚ್ಚುಗಳನ್ನು ಎಣಿಸಿ. ಒಂದು ಕಚ್ಚು ಅಂದರೆ ಪೂರ್ತಿ, ಎರಡು ಮುಕ್ಕಾಲು, ಮೂರು ಅರ್ಧ, ನಾಲ್ಕು ಕಾಲು, ಐದು ಸಿಲಿಂಡರ್. ಕಚ್ಚು ಜಾಸ್ತಿ ಆದಷ್ಟೂ ಬಾಯಿ ಅಗಲ ಅಂತ ನೆನಪಿಟ್ಟರೆ ಸಾಕು. ಕೆಲವು ಕಂಪನಿಗಳು ಕಚ್ಚಿನ ಬದಲು ನಕ್ಷತ್ರದ ಗುರುತು ಹಾಕುತ್ತವೆ, ಲೆಕ್ಕ ಅದೇ. ಸ್ಟೀಲ್‌ಗೆ ನಡೆಯುತ್ತದೆ ಅಥವಾ ಸೀಸಕ್ಕೆ ಮಾತ್ರ ಅಂತ ಚೋಕ್ ಮೇಲೆಯೇ ಬರೆದಿರುವುದೂ ಉಂಟು. ಸೀಸಕ್ಕೆ ಮಾತ್ರ ಅಂತ ಇದ್ದರೆ ಅಲ್ಲಿಗೆ ಆ ಚೋಕ್‌ನ ಮಾತು ಮುಗಿಯಿತು. ಟರ್ಕಿ ಕೋಳಿ ಶಿಕಾರಿಗೆ ಮಾಡಿದ ಎಕ್ಸ್‌ಟ್ರಾ ಫುಲ್ ಕೂಡ ಸ್ಟೀಲ್‌ಗೆ ಬೇಡವೇ ಬೇಡ.

ಯುರೋಪಿನಲ್ಲಿ ಮಾಡಿದ ಬಂದೂಕಾದರೆ ನಳಿಗೆಯ ಮೇಲೆ ಲಿಲಿ ಹೂವಿನ ಮುದ್ರೆ ಹುಡುಕಿ. ಜೋರಾದ ಸ್ಟೀಲ್ ಕಾಡತೂಸಿಗೆ ಪರೀಕ್ಷೆ ಆಗಿದೆ ಅನ್ನುವುದಕ್ಕೆ ಅದೇ ಗುರುತು. ಆ ಮುದ್ರೆ ಇದ್ದರೂ 4 ಮಿಲಿಮೀಟರ್‌ಗಿಂತ ದಪ್ಪ ಸ್ಟೀಲ್ ಚರೆಯನ್ನು ಅರ್ಧ ಚೋಕ್‌ಗಿಂತ ಬಿಗಿಯಾದದ್ದರಲ್ಲಿ ಹಾರಿಸಬಾರದು ಅನ್ನುವುದು ಅಲ್ಲಿನ ನಿಯಮ. ನಾನಂತೂ ಇದನ್ನು ಎಲ್ಲ ಬಂದೂಕಿಗೂ ಪಾಲಿಸಿ ಅಂತ ಹೇಳುತ್ತೇನೆ.

ಅಜ್ಜನ ಕಾಲದ ಜೋಡುನಳಿಗೆ ಬಂದೂಕಿನ ಕಥೆ ಬೇರೆ. ಬೆಳಗಾವಿ ಜಿಲ್ಲೆಯಲ್ಲಿ ಸೈನ್ಯದಿಂದ ನಿವೃತ್ತರಾದವರು ತುಂಬ ಜನ. ಬ್ಯಾಂಕಿನ ಬಾಗಿಲಲ್ಲಿ ಸ್ಟೂಲ್ ಮೇಲೆ ಕೂಡುವ ಗಾರ್ಡ್ ಕೈಯಲ್ಲಿ ಇರುವುದೂ ಇಂಥದ್ದೇ ಬಂದೂಕು. ಇವುಗಳ ಚೋಕ್ ನಳಿಗೆಯಲ್ಲೇ ಕೊರೆದಿರುತ್ತದೆ, ತೆಗೆಯಲು ಬರುವುದಿಲ್ಲ. ಸಾಮಾನ್ಯವಾಗಿ ಬಲ ನಳಿಗೆ ಅಗಲ, ಎಡ ನಳಿಗೆ ಬಿಗಿ. ಮುಂದಿನ ಟ್ರಿಗರ್ ಬಲಕ್ಕೆ, ಹಿಂದಿನದು ಎಡಕ್ಕೆ. ಬಾಯಿಗೆ ನಾಣ್ಯ ಇಟ್ಟು ನೋಡುವ ಪದ್ಧತಿ ಕೆಲವರಲ್ಲಿದೆ. ಅದನ್ನು ನಂಬಬೇಡಿ. ಒಳ ಅಗಲ ಒಂದೊಂದು ನಳಿಗೆಗೆ ಒಂದೊಂದು ಥರ ಇರುತ್ತದೆ. ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಬೋರ್ ಗೇಜ್ ಹಾಕಿ ಅಳೆಸಿ. ನಳಿಗೆಯ ಒಳಗೂ ಬಾಯಲ್ಲೂ, ಎರಡೂ ಕಡೆ ಅಳೆಯಬೇಕು. ಆ ಎರಡರ ವ್ಯತ್ಯಾಸವೇ ಚೋಕ್. ಕಾಡತೂಸು ಕೂಡುವ ಕೋಣೆಯ ಉದ್ದವನ್ನೂ ಜೊತೆಗೇ ಅಳೆಸಿ. ಹಳೇ ಬಂದೂಕುಗಳಲ್ಲಿ 65 ಮಿಲಿಮೀಟರ್ ಇರುವುದುಂಟು, ಅದಕ್ಕೆ 70ರ ಕಾಡತೂಸು ಹಾಕಬಾರದು.

ಇಂಥ ಹಳೇ, ತೆಳು ನಳಿಗೆಯ ಬಂದೂಕಿಗೆ ನನ್ನ ಪ್ರಕಾರ ಸ್ಟೀಲ್ ಬೇಡ. ಹೊರದೇಶದಲ್ಲಿ ಇಂಥದ್ದು ಇರುವವರಿಗೆ ಬಿಸ್ಮತ್ ಚರೆ ಸಿಗುತ್ತದೆ. ಹಕ್ಕಿಗೆ ವಿಷ ಅಲ್ಲ, ಸೀಸದ ಹಾಗೆ ಮೆತ್ತಗೆ. ಬೆಲೆ ಜಾಸ್ತಿ. ಆದರೆ ಅಜ್ಜನ ಬಂದೂಕಿನ ನಳಿಗೆ ಮತ್ತೆ ಸಿಗುವುದಿಲ್ಲ.

ಚರೆಯ ನಂಬರ್

ಚೋಕ್‌ಗಿಂತ ಮೊದಲು ಇದನ್ನು ಗೊತ್ತು ಮಾಡಿಕೊಳ್ಳಬೇಕು. ಸ್ಟೀಲ್ ಸೀಸಕ್ಕಿಂತ ಹಗುರ. ಒಂದು ಘನ ಸೆಂಟಿಮೀಟರ್ ಸೀಸ 11 ಗ್ರಾಂ ಮೇಲೆ ತೂಗಿದರೆ ಸ್ಟೀಲ್ 8 ಗ್ರಾಂ ಕೂಡ ಆಗುವುದಿಲ್ಲ. ಹಗುರ ಚರೆ ಗಾಳಿಯಲ್ಲಿ ಬೇಗ ಸೋಲುತ್ತದೆ. ಅದಕ್ಕೆ ಸೀಸದಲ್ಲಿ ಬಳಸುತ್ತಿದ್ದ ನಂಬರಿಗಿಂತ ಎರಡು ಮೆಟ್ಟಿಲು ದಪ್ಪದ್ದನ್ನು ತೆಗೆದುಕೊಳ್ಳಬೇಕು. ನಂಬರ್ ಕಡಿಮೆ ಆದಷ್ಟೂ ಚರೆ ದಪ್ಪ ಅನ್ನುವುದು ನೆನಪಿರಲಿ. ಸೀಸದ 4 ನಂಬರಿನ ಜಾಗಕ್ಕೆ ಸ್ಟೀಲ್‌ನ 2. ಸೀಸದ 6ರ ಜಾಗಕ್ಕೆ ಸ್ಟೀಲ್‌ನ 4. ಅಮೆರಿಕದ ಅಳತೆಯಲ್ಲಿ 2 ನಂಬರ್ ಚರೆ 3.8 ಮಿಲಿಮೀಟರ್ ದಪ್ಪ, 4 ನಂಬರ್ 3.3. ಹೆಬ್ಬಾತಿಗೆ ಬಿಬಿ, ಅದು 4.5 ಮೇಲೆ. ಮೇಲೆ ಹೇಳಿದ ಅರ್ಧ ಚೋಕ್‌ನ ನಿಯಮ ಬಿಬಿಗೆ ನೇರವಾಗಿ ತಾಗುತ್ತದೆ.

ದಪ್ಪ ಚರೆ ತೆಗೆದುಕೊಂಡರೆ ಎಣಿಕೆ ಕಡಿಮೆ ಆಗುತ್ತದೆ. 32 ಗ್ರಾಂ ಸ್ಟೀಲ್‌ನಲ್ಲಿ 4 ನಂಬರಿನವು ಸುಮಾರು 215 ಚರೆ ಇದ್ದರೆ, 2 ನಂಬರಿನವು ಸುಮಾರು 140 ಮಾತ್ರ. ಈ 140 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ದೂರ ನೋಡಿ ಮೊದಲ ಆಯ್ಕೆ

ಬಾತು ಎಷ್ಟು ದೂರಕ್ಕೆ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನೀರಿನ ಮೇಲೆ ಮರದ ಅಥವಾ ಪ್ಲಾಸ್ಟಿಕ್‌ನ ಗೊಂಬೆ ಬಾತು ತೇಲಿಬಿಟ್ಟು, ನಿಜವಾದವು ಇಳಿಯುವಾಗ ಹೊಡೆಯುವುದಾದರೆ ದೂರ 20ರಿಂದ 30 ಮೀಟರ್. ಅಲ್ಲಿಗೆ ಸ್ಟೀಲ್ ಹಾಕಿದ ಕಾಲು ಚೋಕ್ ಸಾಕು. 30ರಿಂದ 40 ಮೀಟರ್ ಮೇಲಿಂದ ಹಾದುಹೋಗುವ ಹಕ್ಕಿಗೆ ಅರ್ಧ ಚೋಕ್. ಅದರಾಚೆಗೆ ಚೋಕ್ ಬಿಗಿ ಮಾಡುವ ಬದಲು ಬಂದೂಕು ಕೆಳಗಿಳಿಸಿ. ಗಾಯವಾಗಿ ಜೊಂಡಿನೊಳಗೆ ಹೊಕ್ಕ ಹಕ್ಕಿ ಸಿಗುವುದಿಲ್ಲ, ಅಲ್ಲೇ ಎಲ್ಲೋ ನರಳಿ ಸಾಯುತ್ತದೆ. ಶಿಕಾರಿಗೆ ಅನುಮತಿ ಇರುವ ದೇಶದಲ್ಲೂ ಅದು ಪಾಪವೇ.

ದೂರ ಅಂದಾಜು ಮಾಡುವುದು ಎಲ್ಲರೂ ಎಡವುವ ಜಾಗ. ನೀರಿನ ಮೇಲೆ ದೂರ ಕಡಿಮೆ ಅನ್ನಿಸುತ್ತದೆ. ಹೊರಗಿನ ಗೊಂಬೆಯನ್ನು ಹೆಜ್ಜೆ ಎಣಿಸಿಯೋ ಹಗ್ಗ ಅಳೆದೋ ಸರಿಯಾಗಿ 30 ಮೀಟರಿಗೆ ಇಡಿ. ಹಕ್ಕಿ ಆ ಗೊಂಬೆಯ ಈಚೆಗೆ ಬಂದರೆ ಮಾತ್ರ ಟ್ರಿಗರ್.

ಕಾಗದ

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಂದಾಜು. ಚೋಕ್ ಮೇಲೆ ಬರೆದ ಹೆಸರು ಒಂದು ಭರವಸೆ ಅಷ್ಟೇ. ಒಂದೇ ಕಂಪನಿಯ ಎರಡು ಬಂದೂಕು, ಒಂದೇ ಚೋಕ್, ಒಂದೇ ಕಾಡತೂಸು ಇಟ್ಟರೂ ಗುಂಪು ಬೇರೆ ಬೇರೆ ಬರುತ್ತದೆ. ಕಾಡತೂಸಿನ ಬ್ರ್ಯಾಂಡ್ ಬದಲಾದರೆ ಮತ್ತೆ ಬದಲು. ಕಾಗದಕ್ಕೆ ಹೊಡೆಯದೆ ಚೋಕ್ ಆರಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ.

ಜಾಗ ಮೊದಲು. ಶೂಟಿಂಗ್ ರೇಂಜ್‌ನಲ್ಲೇ ಮಾಡಿ. ನಮ್ಮಲ್ಲಿ ಹೊಲದ ಬದುವಿನಲ್ಲಿ, ಖಾಲಿ ಕ್ವಾರಿಯಲ್ಲಿ ಹೊಡೆದು ನೋಡುವ ಚಾಳಿ ಇದೆ. ಲೈಸೆನ್ಸ್ ಷರತ್ತು ಅದಕ್ಕೆ ಒಪ್ಪುವುದಿಲ್ಲ, ಕ್ವಾರಿಯ ಕಲ್ಲಿಗೆ ಬಡಿದ ಸ್ಟೀಲ್ ಚರೆ ವಾಪಸ್ ಮುಖಕ್ಕೇ ಹಾರುತ್ತದೆ. ಸೀಸ ಕಲ್ಲಿಗೆ ಬಿದ್ದು ಅಪ್ಪಚ್ಚಿ ಆಗುತ್ತದೆ, ಸ್ಟೀಲ್ ಪುಟಿಯುತ್ತದೆ. ಹಿಂದೆ ಮೆತ್ತಗಿನ ಮಣ್ಣಿನ ದಿಬ್ಬ ಇರಬೇಕು. ಕಬ್ಬಿಣದ ತಗಡು, ಗಟ್ಟಿ ಹಲಗೆ ಯಾವುದೂ ಬೇಡ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಕಡ್ಡಾಯ.

ಕಾಗದ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ. ದಿನಪತ್ರಿಕೆ ಅಂಟಿಸಿ ಮಾಡಬಹುದು, ಆದರೆ ಅಕ್ಷರಗಳ ನಡುವೆ ತೂತು ಕಾಣುವುದು ಕಷ್ಟ. ಪುಸ್ತಕಕ್ಕೆ ಹಾಕುವ ಖಾಕಿ ಕಾಗದದ ಸುರುಳಿ ತಂದರೆ ಒಳ್ಳೆಯದು. ನಡುವೆ ಕರಿ ಸ್ಕೆಚ್ ಪೆನ್ನಿನಲ್ಲಿ ನಿಂಬೆಹಣ್ಣಿನಷ್ಟು ಗುರುತು. ವೃತ್ತ ಈಗ ಬರೆಯಬೇಡಿ.

ನೀವು ನಿಜವಾಗಿ ಹೊಡೆಯುವ ದೂರವನ್ನು ಟೇಪ್ ಹಿಡಿದು ಅಳೆಯಿರಿ. ಪುಸ್ತಕದ ಲೆಕ್ಕ 36.5 ಮೀಟರ್ ಇರಲಿ, ನಿಮ್ಮ ಬಾತು 27 ಮೀಟರಿಗೆ ಬರುವುದಾದರೆ ಕಾಗದವೂ 27ಕ್ಕೇ. ಒಂದು ಹಾಳೆಗೆ ಒಂದೇ ಈಡು. ಒಂದೇ ಚೋಕ್, ಒಂದೇ ಕಾಡತೂಸಿಗೆ ಕನಿಷ್ಠ ಮೂರು ಹಾಳೆ, ಸಾಧ್ಯವಾದರೆ ಐದು. ಪ್ರತಿ ಹಾಳೆಯ ಮೂಲೆಯಲ್ಲಿ ಚೋಕ್, ಕಾಡತೂಸಿನ ಹೆಸರು, ಚರೆ ನಂಬರ್, ದೂರ, ತಾರೀಕು ಆಗಿಂದಾಗಲೇ ಬರೆಯಿರಿ. ಮನೆಗೆ ಹೋಗಿ ಬರೆಯೋಣ ಅಂದರೆ ಎಲ್ಲ ಕಲಸಿಹೋಗುತ್ತದೆ.

ಹೊಡೆದ ಮೇಲೆ ಹಾಳೆ ನೆಲಕ್ಕೆ ಹಾಸಿ. ತೂತುಗಳು ಎಲ್ಲಿ ದಟ್ಟ ಅನ್ನುವುದನ್ನು ಕಣ್ಣಿಂದ ನೋಡಿ, ಅದರ ನಡುವಿಗೆ ಮೊಳೆ ಊರಿ. 38 ಸೆಂಟಿಮೀಟರ್ ದಾರಕ್ಕೆ ಪೆನ್ನು ಕಟ್ಟಿ ಸುತ್ತು ಹಾಕಿ. ಅದೇ 30 ಇಂಚಿನ ವೃತ್ತ. ಈಗ ಅದನ್ನು ರೊಟ್ಟಿ ಮುರಿದ ಹಾಗೆ ನಾಲ್ಕು ಭಾಗ ಮಾಡಿ. ಒಂದೊಂದು ಭಾಗದ ತೂತು ಎಣಿಸಿ, ಎಣಿಸಿದ್ದಕ್ಕೆ ಪೆನ್ನಿನಿಂದ ಚುಕ್ಕೆ ಇಡಿ. ಇಲ್ಲದಿದ್ದರೆ ಐವತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ.

ಮಗ ಕಳಿಸಿದ ಮೊದಲ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. ಬೇಡ ಅಂದರೂ ಡಬ್ಬಿಯಲ್ಲಿದ್ದ ಫುಲ್ ಚೋಕ್ ಅನ್ನೂ ಒಂದು ಸಲ ನೋಡಿದ್ದ. ಅದರ ಮೇಲೆ ಸ್ಟೀಲ್ 4 ನಂಬರಿನವರೆಗೆ ನಡೆಯುತ್ತದೆ ಅಂತ ಬರೆದಿತ್ತು, ಹಾಗಾಗಿ 4 ನಂಬರ್ ಹಾಕಿದ್ದ. ದೂರ 27 ಮೀಟರ್. ಹಾಳೆಯ ನಡುವೆ ಊಟದ ತಟ್ಟೆಯಷ್ಟು ಜಾಗದಲ್ಲಿ ಕಾಗದವೇ ಉಳಿದಿರಲಿಲ್ಲ, ಹರಿದು ಜೋತಾಡುತ್ತಿತ್ತು. ಅದರ ಸುತ್ತ, ವೃತ್ತದ ಅಂಚಿನವರೆಗೆ, ಅಂಗೈ ಇಟ್ಟರೂ ಒಂದು ತೂತು ಸಿಗದ ಖಾಲಿ ಜಾಗಗಳು. ಗುರಿ ನೆಟ್ಟಗೆ ಬಿದ್ದರೆ ಹಕ್ಕಿ ಛಿದ್ರ, ತಿನ್ನಲು ಬಾರದು. ಒಂದು ಗೇಣು ಪಕ್ಕಕ್ಕೆ ಹೋದರೆ ಒಂದೆರಡು ಚರೆ ತಾಗಿ ಗಾಯ ಮಾತ್ರ.

ಎರಡನೇ ಫೋಟೊ ಅರ್ಧ ಚೋಕ್, 2 ನಂಬರ್. ಚೆನ್ನಾಗಿತ್ತು, ಆದರೆ ಆ ದೂರಕ್ಕೆ ಇನ್ನೂ ಬಿಗಿ. ಮೂರನೆಯದು ಕಾಲು ಚೋಕ್, ಅದೇ 2 ನಂಬರ್. ಮೂರು ಹಾಳೆಯ ಸರಾಸರಿ ವೃತ್ತದೊಳಗೆ 110 ತೂತು. ನಾಲ್ಕೂ ಭಾಗಗಳಲ್ಲಿ 25ರಿಂದ 30ರ ಒಳಗೆ ಹಂಚಿಕೊಂಡಿದ್ದವು. ಕಾಡತೂಸಿನಲ್ಲಿ ಇದ್ದದ್ದು ಸುಮಾರು 140. ಅಂದರೆ ನೂರಕ್ಕೆ ಹತ್ತಿರ ಹತ್ತಿರ 79. ದೊಡ್ಡ ಬಾತಿಗೆ ವೃತ್ತದೊಳಗೆ 85–90 ಚರೆ ಬೇಕು ಅನ್ನುವುದು ಅಲ್ಲಿನ ಅನುಭವಿಗಳ ಲೆಕ್ಕ. 110 ಅದಕ್ಕಿಂತ ಮೇಲಿತ್ತು, ಹರಡಿದ್ದೂ ಸಮನಾಗಿತ್ತು. ಗೊಂಬೆ ಇಟ್ಟು ಹೊಡೆಯಲು ಅವನಿಗೆ ಕಾಲು ಚೋಕ್ ಅಂತ ತೀರ್ಮಾನ ಆಯಿತು. ನಾನು ಮೊದಲು ಹೇಳಿದ್ದು ಮಾಡಿಫೈಡ್. ಕಾಗದ ಬೇರೆ ಹೇಳಿತು, ಕಾಗದದ ಮಾತೇ ನಡೆಯಬೇಕು.

ಸಂಖ್ಯೆ ಎಷ್ಟು ಮುಖ್ಯವೋ ಹಂಚಿಕೆಯೂ ಅಷ್ಟೇ ಮುಖ್ಯ. ಒಂದು ಭಾಗದಲ್ಲಿ 45, ಪಕ್ಕದ ಭಾಗದಲ್ಲಿ 12 ಬಂದರೆ ಒಟ್ಟು ಲೆಕ್ಕ ಚೆನ್ನಾಗಿ ಕಂಡರೂ ಅದನ್ನು ಬಿಡಿ. ಆಗ ಚೋಕ್ ಬದಲಿಸುವ ಮೊದಲು ಕಾಡತೂಸಿನ ಬ್ರ್ಯಾಂಡ್ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಡು ಭಾಗ ತೀರಾ ದಟ್ಟ, ಅಂಚು ಬೋಳು ಅಂದರೆ ಒಂದು ಮೆಟ್ಟಿಲು ಅಗಲದ ಚೋಕ್. ಹಂಚಿಕೆ ಸಮ ಇದ್ದು ಎಣಿಕೆ ಮಾತ್ರ ಕಡಿಮೆ ಅಂದರೆ ಒಂದು ಮೆಟ್ಟಿಲು ಬಿಗಿ, ಅಥವಾ ಒಂದು ನಂಬರ್ ಸಣ್ಣ ಚರೆ.

ಇನ್ನೊಂದು ಸೂಕ್ಷ್ಮ. ದಟ್ಟ ಭಾಗದ ನಡು, ನೀವು ಗುರಿ ಇಟ್ಟ ಕರಿ ಗುರುತಿನಿಂದ ಎಷ್ಟು ದೂರ ಇದೆ ನೋಡಿ. ಐದು ಹಾಳೆಯಲ್ಲೂ ಒಂದೇ ಕಡೆ ಒಂದು ಗೇಣು ಸರಿದಿದ್ದರೆ ಅದು ಚೋಕ್‌ನ ತಪ್ಪೇ ಆಗಿರಬೇಕು ಅಂತಿಲ್ಲ. ಬಂದೂಕಿನ ಮರದ ಭಾಗ ನಿಮ್ಮ ಭುಜಕ್ಕೆ, ಕೆನ್ನೆಗೆ ಹೊಂದದೇ ಇರಬಹುದು.

ಇಲ್ಲಿಯ ಮಣ್ಣಿನ ಹಕ್ಕಿಗೆ

ನಮ್ಮಲ್ಲಿ ಪುಣೆಯ ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ಕಾಡತೂಸು ಹೆಸರುವಾಸಿ. ಅದರೊಳಗೆ ಇರುವುದು ಸೀಸ. ಹಾಗಾಗಿ ಟ್ರ್ಯಾಪ್, ಸ್ಕೀಟ್‌ಗೆ ಹಳೇ ಲೆಕ್ಕವೇ ನಡೆಯುತ್ತದೆ. ಒಲಿಂಪಿಕ್ ಕ್ರೀಡೆಯ ನಿಯಮದಲ್ಲಿ ಕ್ಲೇ ತಟ್ಟೆ 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ಒಂದು ಕಾಡತೂಸಿನ ಒಟ್ಟು ಚರೆಯ ತೂಕ 24 ಗ್ರಾಂ, ಒಂದೊಂದು ಚರೆಯ ದಪ್ಪ 2.6 ಮಿಲಿಮೀಟರ್ ದಾಟಬಾರದು. ಸ್ಕೀಟ್‌ನಲ್ಲಿ ತಟ್ಟೆ ಹತ್ತಿರದಲ್ಲೇ ಅಡ್ಡ ಹಾಯುತ್ತದೆ, ಅಗಲ ಬಾಯಿ ಸಾಕು. ಟ್ರ್ಯಾಪ್‌ನಲ್ಲಿ ತಟ್ಟೆ ನಿಮ್ಮಿಂದ ದೂರ ಓಡುತ್ತದೆ. ಮೊದಲ ಈಡಿಗೆ ಅರ್ಧ ಅಥವಾ ಮುಕ್ಕಾಲು, ಎರಡನೆಯದಕ್ಕೆ ಪೂರ್ತಿ.

ನಾನು ಮೊದಲ ಸಲ ಹೈದರಾಬಾದಿನ ರೇಂಜ್‌ಗೆ ಅಜ್ಜನ ಬಂದೂಕು ತೆಗೆದುಕೊಂಡು ಹೋದಾಗ, ಲೈಸೆನ್ಸ್ ಇಡೀ ದೇಶಕ್ಕೆ ನಡೆಯುವ ಹಾಗೆ ಮಾಡಿಸಿಕೊಂಡಿದ್ದೆ. ಆದರೆ ಚೋಕ್ ಅಳೆಸಿರಲಿಲ್ಲ. ಮೊದಲ 25 ತಟ್ಟೆಯಲ್ಲಿ ಒಡೆದಿದ್ದು ಆರು. ಹತ್ತಿರದ ತಟ್ಟೆಗೂ ಹಿಂದಿನ ಟ್ರಿಗರ್ ಎಳೆಯುತ್ತಿದ್ದೆ, ಅಂದರೆ ಬಿಗಿ ನಳಿಗೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನೋಡಿ, ಮೊದಲು ಮುಂದಿನ ಟ್ರಿಗರ್ ಎಳೆಯಪ್ಪಾ ಅಂದರು. ಮುಂದಿನ ಸುತ್ತಿನಲ್ಲಿ ಹದಿಮೂರು ಒಡೆದವು. ಜೋಡುನಳಿಗೆ ಇರುವವರಿಗೆ ಎರಡು ಚೋಕ್ ಸದಾ ಬೆರಳ ತುದಿಯಲ್ಲೇ ಇರುತ್ತವೆ. ಒಂಟಿನಳಿಗೆಯ ಹೊಸ ಬಂದೂಕಿನವರಿಗೆ ಆ ಸವಲತ್ತು ಇಲ್ಲ, ತಿರುಗಿಸಿ ಬದಲಿಸಬೇಕು.

ಚೋಕ್‌ನ ಆರೈಕೆ

ತಿರುಗಿಸುವ ಚೋಕ್ ಇರುವ ಬಂದೂಕನ್ನು ಚೋಕ್ ಇಲ್ಲದೆ ಎಂದೂ ಹಾರಿಸಬೇಡಿ, ತುದಿಯ ಮರೆ (ತಿರುಪಿನ ಎಳೆ) ಹಾಳಾಗುತ್ತದೆ. ಹತ್ತಿಪ್ಪತ್ತು ಈಡಿಗೊಮ್ಮೆ ಬಂದೂಕು ಖಾಲಿ ಮಾಡಿ, ಬಿಚ್ಚಿ, ಚೋಕ್ ಸಡಿಲ ಆಗಿದೆಯಾ ಅಂತ ಬೆರಳಲ್ಲಿ ನೋಡಿ. ಸ್ಟೀಲ್ ಕಾಡತೂಸಿನ ದಪ್ಪ ಪ್ಲಾಸ್ಟಿಕ್ ಬಟ್ಟಲು ನಳಿಗೆಯನ್ನು ಕಾಯುತ್ತದೆ, ಆದರೆ ಅದರ ಕರೆ ಚೋಕ್ ಒಳಗೆ ಅಂಟುತ್ತದೆ. ಅದು ದಪ್ಪ ಆದರೆ ಗುಂಪು ಕೆಡುತ್ತದೆ. ದಿನದ ಕೊನೆಗೆ ಚೋಕ್ ತೆಗೆದು, ಹಿತ್ತಾಳೆ ಬ್ರಷ್‌ನಲ್ಲಿ ಒಳಗೆ ಉಜ್ಜಿ, ಮರೆಗೆ ಗ್ರೀಸ್ ಸವರಿ, ಕೈಯಲ್ಲೇ ಬಿಗಿ ಮಾಡಿ. ಕೆರೆಯ ನೀರು ಒಳಗೆ ಕುಳಿತು ತುಕ್ಕು ಹಿಡಿದರೆ ಚೋಕ್ ನಳಿಗೆಗೇ ಕಚ್ಚಿಕೊಳ್ಳುತ್ತದೆ, ಆಮೇಲೆ ಯಾವ ಪಾನಾಕ್ಕೂ ಬಗ್ಗುವುದಿಲ್ಲ.

ಮಗ ಈಗ ಆ ಮೂರು ಹಾಳೆಗಳನ್ನು ಮಡಚಿ ಬಂದೂಕಿನ ಪೆಟ್ಟಿಗೆಯಲ್ಲೇ ಇಟ್ಟಿದ್ದಾನೆ. ನವೆಂಬರ್‌ನಲ್ಲಿ ಹಕ್ಕಿಗಳು ದೂರ ಬರತೊಡಗಿದಾಗ ಅರ್ಧ ಚೋಕ್ ಹಾಕಿ 35 ಮೀಟರಿಗೆ ಹೊಸ ಹಾಳೆ ಹೊಡೆದ. ವೃತ್ತದೊಳಗೆ 97.